ಮೈ ಅನ್ನುವುದು ಐನೂರು ಓಮ್ ರೆಸಿಸ್ಟರ್ ಅಲ್ಲ

ಚರ್ಮದ ಮೂಲಕ ನರಕ್ಕೆ ಸಣ್ಣ ವಿದ್ಯುತ್ ಪಲ್ಸ್ ಕೊಡುವ, ಮನೆಯಲ್ಲೇ ಕಟ್ಟಿದ ಪೆಟ್ಟಿಗೆ. ನಾಬ್ ನಿನ್ನೆ ನಿಲ್ಲಿಸಿದ ಗೆರೆಯಲ್ಲೇ ಇದೆ. ಬ್ಯಾಟರಿ ಅದೇ, ತಂತಿ ಅದೇ, ಪ್ಯಾಡ್ ಅಂಟಿಸಿದ ಮುಂಗೈಯ ಜಾಗವೂ ಅದೇ. ನಿನ್ನೆ ಹಿತವಾಗಿ ಜುಮುಜುಮು ಅನ್ನುತ್ತಿದ್ದದ್ದು ಇವತ್ತು ಪ್ಯಾಡಿನ ಒಂದು ಅಂಚಿನಲ್ಲಿ ಮಾತ್ರ ಸೂಜಿ ಆಡಿಸಿದ ಹಾಗೆ ಚುರ್ ಅನ್ನುತ್ತದೆ. ತಂತಿ ಬಿಚ್ಚಿ, ಮೈಯ ಬದಲಿಗೆ 500 ಓಮ್ ರೆಸಿಸ್ಟರ್‌ಗೆ ಸಿಕ್ಕಿಸಿ ಸ್ಕೋಪಿನಲ್ಲಿ (ಅಲೆಯ ಆಕಾರ ತೋರಿಸುವ ಆಸಿಲೊಸ್ಕೋಪ್) ನೋಡಿದರೆ ಪಲ್ಸ್ ಎಳ್ಳಷ್ಟೂ ಬದಲಾಗಿಲ್ಲ. ಟೆನ್ಸ್ (ನೋವು ತಗ್ಗಿಸಲು ಚರ್ಮದ ಮೇಲಿಂದ ನರವನ್ನು ಎಬ್ಬಿಸುವ ಯಂತ್ರ) ಮಾದರಿಯ ಸ್ಟಿಮ್ಯುಲೇಟರನ್ನು ತಾವೇ ಕಟ್ಟಿಕೊಂಡವರು ಇಲ್ಲಿ ಸರ್ಕ್ಯೂಟನ್ನು ಬೈಯಲು ಶುರು ಮಾಡುತ್ತಾರೆ. ಟೈಮರ್ ಐಸಿ ಬದಲಾಯಿಸುತ್ತಾರೆ, ಟ್ರಾನ್ಸಿಸ್ಟರ್ ಕಿತ್ತು ಇನ್ನೊಂದು ಹಾಕುತ್ತಾರೆ. ದೋಷ ಅಲ್ಲೆಲ್ಲೂ ಇರುವುದಿಲ್ಲ.

ಪಲ್ಸ್ ಹುಟ್ಟಿಸುವುದು ಈ ಕೆಲಸದ ಸುಲಭದ ಭಾಗ. ಒಂದು ಐಸಿ, ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್ ಆದ ಒಂದು ಮಾಸ್ಫೆಟ್, ಒಂದು ಟ್ರಾನ್ಸ್‌ಫಾರ್ಮರ್, ಸಂಜೆಯೊಳಗೆ ಮುಗಿಯುತ್ತದೆ. ಕಷ್ಟವೆಲ್ಲ ಇರುವುದು ಎರಡು ಕಡೆ: ಪಲ್ಸ್ ಚರ್ಮಕ್ಕೆ ತಾಗುವ ಜಾಗದಲ್ಲಿ, ಮತ್ತು ಪೆಟ್ಟಿಗೆಯೊಳಗೆ ಏನಾದರೊಂದು ಕೆಟ್ಟ ಆ ಕ್ಷಣದಲ್ಲಿ. ಸಿಗುವ ಸರ್ಕ್ಯೂಟ್ ಚಿತ್ರಗಳಲ್ಲಿ ಬಹುಪಾಲು ಈ ಎರಡನ್ನೂ ಮುಟ್ಟದೆ, ಔಟ್‌ಪುಟ್ ಎಂದು ಬರೆದ ಎರಡು ಚುಕ್ಕೆಗಳಲ್ಲಿ ನಿಂತುಬಿಡುತ್ತವೆ.

ಮುಂದೆ ಹೋಗುವ ಮೊದಲು, ಚರ್ಚೆಗೆ ಎಡೆಯಿಲ್ಲದ ಕೆಲವು ಮಾತು. ಪೆಟ್ಟಿಗೆ ಬ್ಯಾಟರಿಯಲ್ಲಿ ಮಾತ್ರ ನಡೆಯಬೇಕು. ಒಂದು ಚಾನಲ್‌ನ ಎರಡೂ ಪ್ಯಾಡ್ ಒಂದೇ ಕೈ ಅಥವಾ ಒಂದೇ ಕಾಲಿನ ಮೇಲಿರಬೇಕು. ಎಡಗೈಗೊಂದು ಬಲಗೈಗೊಂದು ಅಂಟಿಸಿದರೆ ಕರೆಂಟ್ ಎದೆಯನ್ನು ದಾಟಿ ಹೋಗುತ್ತದೆ. ಎದೆ, ತಲೆ, ಕತ್ತಿನ ಮುಂಭಾಗ ಬೇಡವೇ ಬೇಡ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಮೂರ್ಛೆರೋಗ ಇರುವವರು ಇದರ ಹತ್ತಿರ ಬರಬಾರದು. ಗಾಯದ ಮೇಲೆ, ಸ್ಪರ್ಶ ಮರಗಟ್ಟಿದ ಚರ್ಮದ ಮೇಲೆ ಪ್ಯಾಡ್ ಹಾಕಬಾರದು. ನೋವಿಗೆ ಚಿಕಿತ್ಸೆಯೇ ಬೇಕಿದ್ದರೆ ವೈದ್ಯರನ್ನು ಕೇಳಿ ಪರೀಕ್ಷೆಯಾದ ಟೆನ್ಸ್ ಯಂತ್ರ ಕೊಳ್ಳುವುದೇ ಸರಿ. ಕಟ್ಟುವುದರ ಲಾಭ ಕಲಿಕೆ. ಆ ಕಲಿಕೆಯ ಮುಕ್ಕಾಲು ಪಾಲು ಮೈಗೆ ತಾಗಿಸದೆಯೇ ಆಗುತ್ತದೆ.

ಅಗಲ ಮೊದಲು, ಎತ್ತರ ಆಮೇಲೆ

ಪಲ್ಸ್ ಎಷ್ಟು ಅಗಲ ಇರಬೇಕು ಎಂಬ ಪ್ರಶ್ನೆಗೆ ಉತ್ತರ ಎಲೆಕ್ಟ್ರಾನಿಕ್ಸ್‌ನಲ್ಲಿಲ್ಲ, ನರದಲ್ಲಿದೆ. 1901ರಲ್ಲಿ ಜಾರ್ಜ್ ವೈಸ್, 1909ರಲ್ಲಿ ಲೂಯಿ ಲಾಪಿಕ್ ಕೊಟ್ಟ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಪಲ್ಸ್ ಎಷ್ಟೇ ಉದ್ದವಾದರೂ ನರ ಎಚ್ಚರಗೊಳ್ಳಲು ಬೇಕಾದ ಕನಿಷ್ಠ ಕರೆಂಟಿಗೆ ರಿಯೋಬೇಸ್ ಎನ್ನುತ್ತಾರೆ. ಅದರ ಎರಡು ಪಟ್ಟು ಕರೆಂಟಿನಲ್ಲಿ ನರ ಎಚ್ಚರಗೊಳ್ಳಲು ಬೇಕಾದ ಅಗಲವೇ ಕ್ರೊನಾಕ್ಸಿ. ರಿಯೋಬೇಸ್ 5 ಮಿಲಿಆ್ಯಂಪ್, ಕ್ರೊನಾಕ್ಸಿ 200 ಮೈಕ್ರೊಸೆಕೆಂಡ್ ಅಂದುಕೊಳ್ಳಿ. ಪಲ್ಸ್ 200 ಮೈಕ್ರೊಸೆಕೆಂಡ್ ಇದ್ದರೆ 10 ಮಿಲಿಆ್ಯಂಪ್ ಸಾಕು, ಒಂದು ಪಲ್ಸಿಗೆ 2 ಮೈಕ್ರೊಕೂಲಂ ಚಾರ್ಜ್ ಹೋಗುತ್ತದೆ. 50ಕ್ಕೆ ಇಳಿಸಿದರೆ 25 ಮಿಲಿಆ್ಯಂಪ್ ಬೇಕು, ಆದರೆ ಚಾರ್ಜ್ 1.25ಕ್ಕೆ ಇಳಿಯುತ್ತದೆ. 1000 ಮೈಕ್ರೊಸೆಕೆಂಡಿಗೆ ಎಳೆದರೆ 6 ಮಿಲಿಆ್ಯಂಪ್‌ನಲ್ಲೇ ಕೆಲಸ ಆಗುತ್ತದೆ, ಚಾರ್ಜ್ ಮಾತ್ರ 6 ಮೈಕ್ರೊಕೂಲಂಗೆ ಏರುತ್ತದೆ. ಚರ್ಮಕ್ಕೆ ತೊಂದರೆ ಕೊಡುವುದು ಚಾರ್ಜ್. ಉದ್ದದ ಪಲ್ಸ್ ನೋವಿನ ಸಣ್ಣ ನರಗಳನ್ನೂ ಎಬ್ಬಿಸುತ್ತದೆ. ಟೆನ್ಸ್ ಯಂತ್ರಗಳು ಸಾಮಾನ್ಯವಾಗಿ 50ರಿಂದ 400 ಮೈಕ್ರೊಸೆಕೆಂಡ್ ನಡುವೆ ಇರುವುದು ಇದಕ್ಕೇ. ಮೊದಲ ಪೆಟ್ಟಿಗೆಗೆ 200ರ ಆಸುಪಾಸು ಹಿಡಿದುಕೊಳ್ಳುವುದು ಒಳ್ಳೆಯದು. ವೋಲ್ಟೇಜ್ ಕಡಿಮೆಯೆಂದು ಅಗಲ ಹಿಗ್ಗಿಸುತ್ತ ಹೋಗುವುದು ಎಲ್ಲರೂ ಮಾಡುವ ಸೋಮಾರಿ ಉಪಾಯ. ಅದರಿಂದ ಪೆಟ್ಟಿಗೆ ಜೋರಾಗುವುದಿಲ್ಲ, ಒರಟಾಗುತ್ತದೆ.

ಟೈಮರ್‌ಗೆ 555 ಸಾಕು, ಆದರೆ ತೀರಾ ಕಡಿಮೆ ಕರೆಂಟ್ ಎಳೆಯುವ ಸೀಮಾಸ್ ಜಾತಿಯದ್ದು, ಟಿಎಲ್‌ಸಿ 555 ಅಥವಾ ಎಲ್‌ಎಂಸಿ 555, ಆಗಿರಲಿ. ಕಿರಿದಾದ ಪಲ್ಸ್, ದೀರ್ಘ ವಿರಾಮ ಬೇಕಾದ್ದರಿಂದ 7ನೇ ಪಿನ್ನಿನಿಂದ 6ನೇ ಪಿನ್ನಿಗೆ ಹೋಗುವ ರೆಸಿಸ್ಟರ್‌ನ ಮೇಲೆ ಒಂದು 1ಎನ್4148 ಡಯೋಡ್ ಹಾಕುತ್ತೇವೆ, ಆ್ಯನೋಡ್ 7ನೇ ಪಿನ್ನಿನ ಕಡೆಗೆ. ಪ್ಲಸ್‌ನಿಂದ 7ನೇ ಪಿನ್ನಿಗೆ ಬರುವ ಮೇಲಿನ ರೆಸಿಸ್ಟರ್ 27 ಕಿಲೊಓಮ್, ಕೆಪಾಸಿಟರ್ 10 ನ್ಯಾನೊಫ್ಯಾರಡ್ ಫಿಲ್ಮ್, ಕೆಳಗಿನದು 1 ಮೆಗಾಓಮ್‌ಗೆ ಸಾಲಾಗಿ 4.7 ಮೆಗಾಓಮ್ ಪಾಟ್ (ನಾಬ್ ತಿರುಗಿಸಿದರೆ ಬದಲಾಗುವ ರೆಸಿಸ್ಟರ್). ಹೀಗಿದ್ದರೆ ಸೆಕೆಂಡಿಗೆ ಸುಮಾರು 25ರಿಂದ 140 ಪಲ್ಸ್ ಸಿಗುತ್ತವೆ. 4ನೇ ಪಿನ್ ನೇರ ಪ್ಲಸ್‌ಗೆ, 5ನೇ ಪಿನ್ನಿನಿಂದ ಗ್ರೌಂಡಿಗೆ 10 ನ್ಯಾನೊಫ್ಯಾರಡ್, ಐಸಿಯ ಮೈಗೇ ಒತ್ತಿಕೊಂಡ ಹಾಗೆ 100 ನ್ಯಾನೊಫ್ಯಾರಡ್.

ಇಲ್ಲಿ ಮಾಮೂಲಿ ಬೈಪೋಲರ್ ಎನ್‌ಇ 555 ಹಾಕಿದರೆ ಆವರ್ತನ ಲೆಕ್ಕಕ್ಕೆ ಸಿಗುವುದಿಲ್ಲ. ಐದಾರು ಮೆಗಾಓಮ್ ಮೂಲಕ ಹರಿಯುವುದೇ ಒಂದು ಮೈಕ್ರೊಆ್ಯಂಪ್‌ಗಿಂತ ಕಡಿಮೆ. ಅದರ 6ನೇ ಪಿನ್ ಅದರಲ್ಲೂ ಪಾಲು ಕೇಳುತ್ತದೆ. ಹಾಗಾದರೆ 2.7 ಕಿಲೊಓಮ್, 100 ನ್ಯಾನೊಫ್ಯಾರಡ್ ಹಾಕೋಣವೆಂದರೆ ವಿರಾಮದ ಉದ್ದಕ್ಕೂ 7ನೇ ಪಿನ್ 3 ಮಿಲಿಆ್ಯಂಪ್‌ಗೂ ಹೆಚ್ಚು ಕರೆಂಟನ್ನು ಸುಮ್ಮನೆ ನೆಲಕ್ಕೆ ಸುರಿಯುತ್ತಿರುತ್ತದೆ. ಇನ್ನೊಂದು: 0.69ರಿಂದ ಗುಣಿಸುವ ಪರಿಚಿತ ಸೂತ್ರ ಇಲ್ಲಿ 187 ಮೈಕ್ರೊಸೆಕೆಂಡ್ ಎನ್ನುತ್ತದೆ, ಸ್ಕೋಪ್ ಮಾತ್ರ 215–220 ತೋರಿಸುತ್ತದೆ. ಕೆಪಾಸಿಟರ್ ತುಂಬುವಾಗ ಡಯೋಡ್ ಅರ್ಧ ವೋಲ್ಟಿಗೂ ಮಿಕ್ಕಿ ತಿನ್ನುವುದರಿಂದ ಹೀಗೆ. ಬ್ಯಾಟರಿ ಇಳಿದಷ್ಟೂ ಪಲ್ಸ್ ಇನ್ನೂ ಕೊಂಚ ಅಗಲವಾಗುತ್ತದೆ. ಇದು ದೋಷವಲ್ಲ, ಕೆಪಾಸಿಟರ್ ಬದಲಾಯಿಸಲು ಹೋಗಬೇಡಿ.

ಉಲ್ಟಾ ಹಾಕಿದ ಟ್ರಾನ್ಸ್‌ಫಾರ್ಮರ್

ಒಂಬತ್ತು ವೋಲ್ಟಿನಿಂದ ಎಂಬತ್ತು ತೊಂಬತ್ತು ವೋಲ್ಟ್ ಪಲ್ಸ್ ತೆಗೆಯಲು ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರ್ ಹಾಕಿ ಎಚ್-ಬ್ರಿಡ್ಜ್‌ನಿಂದ (ಕರೆಂಟಿನ ದಿಕ್ಕು ಬದಲಿಸುವ ನಾಲ್ಕು ಸ್ವಿಚ್‌ಗಳ ಜೋಡಣೆ) ಕೊಡುವ ದಾರಿ ಒಂದು, ಸಣ್ಣ ಮೇನ್ಸ್ ಟ್ರಾನ್ಸ್‌ಫಾರ್ಮರನ್ನು ಉಲ್ಟಾ ಹಾಕುವ ದಾರಿ ಇನ್ನೊಂದು. ಎರಡನೆಯದು ಹಳೆಯ ದಾರಿ, ಗಾತ್ರದಲ್ಲಿ ದಪ್ಪ. ಮನೆಯಲ್ಲಿ ಕಟ್ಟುವುದಕ್ಕೆ ನನ್ನ ಮತ ಅದಕ್ಕೇ. ಮಾಸ್ಫೆಟ್ ಸುಟ್ಟು ಶಾರ್ಟ್ ಆಯಿತು ಅಂದುಕೊಳ್ಳಿ. ಎಚ್-ಬ್ರಿಡ್ಜ್‌ನಲ್ಲಿ ತೊಂಬತ್ತು ವೋಲ್ಟ್ ಡಿಸಿ ನೇರ ಪ್ಯಾಡಿಗೆ ಬಂದು ಕೂರಬಹುದು. ಟ್ರಾನ್ಸ್‌ಫಾರ್ಮರ್ ಇದ್ದರೆ ಒಂದು ಸಲ ಟಕ್ ಅನ್ನುತ್ತದೆ, ಆಮೇಲೆ ಆ ಕಡೆ ಏನೂ ಇಲ್ಲ. ಈ ಕಡೆ ಸುತ್ತು ಬಿಸಿಯಾಗಿ ಬ್ಯಾಟರಿ ಖಾಲಿಯಾಗುತ್ತದೆ, ಅಷ್ಟೆ. ಕರೆಂಟ್ ಮಿತಿಮೀರಿದರೆ ತಾನೇ ತಡೆಯುವ ಒಂದು ಪಾಲಿಫ್ಯೂಸನ್ನು ಬ್ಯಾಟರಿಗೆ ಸಾಲಾಗಿ ಹಾಕಿದರೆ ಅದೂ ಆಗುವುದಿಲ್ಲ.

ಡಿಸಿಗೆ ಇಷ್ಟು ಹೆದರುವುದೇಕೆಂದರೆ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್ ಚರ್ಮದ ಬೆವರಿನ ಉಪ್ಪನ್ನು ಒಡೆಯುತ್ತದೆ. ಮೈನಸ್ ಪ್ಯಾಡಿನಡಿ ಕ್ಷಾರ, ಪ್ಲಸ್ ಪ್ಯಾಡಿನಡಿ ಆಮ್ಲ ಸೇರುತ್ತ ಹೋಗುತ್ತದೆ. ಶಾಕ್ ಹೊಡೆದ ಹಾಗೆ ಗೊತ್ತಾಗದೆ, ಸುಮ್ಮನೆ ತುರಿಕೆಯಂತೆ ಶುರುವಾಗಿ ಕೊನೆಗೆ ರಾಸಾಯನಿಕ ಸುಟ್ಟಗಾಯವಾಗುತ್ತದೆ. ಬಿಸಿಯ ಗಾಯಕ್ಕಿಂತ ಇದು ನಿಧಾನ ಮಾಯುತ್ತದೆ.

230 ವೋಲ್ಟ್–18 ವೋಲ್ಟ್ ಎಂದು ಬರೆದ 3 ವಿಎ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಬರೆದಿರುವುದನ್ನು ಭಾಗಿಸಿದರೆ 12.8 ಪಟ್ಟು ಬರುತ್ತದೆ. ನಿಜವಾದ ಸುತ್ತುಗಳ ಅನುಪಾತ ಹತ್ತರ ಹತ್ತಿರ ಇರುತ್ತದೆ. ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಲೋಡ್ ಬಿದ್ದಾಗ ಆಗುವ ಕುಸಿತವನ್ನು ತುಂಬಲು ತಯಾರಕರೇ ಸುತ್ತು ಜಾಸ್ತಿ ಹಾಕಿರುತ್ತಾರೆ. ಕೋರ್ ಸ್ಯಾಚುರೇಟ್ ಆಗುವ, ಅಂದರೆ ಇನ್ನು ಕಾಂತತ್ವ ಹಿಡಿಯಲಾರದಷ್ಟು ತುಂಬಿಕೊಳ್ಳುವ, ಭಯ ಬೇಡ. 9 ವೋಲ್ಟ್ 200 ಮೈಕ್ರೊಸೆಕೆಂಡ್ ಅಂದರೆ 1.8 ಮಿಲಿವೋಲ್ಟ್-ಸೆಕೆಂಡ್; 18 ವೋಲ್ಟಿನ ಸುತ್ತು 50 ಹರ್ಟ್ಸ್‌ನಲ್ಲಿ ತಾಳಿಕೊಳ್ಳುವುದರ ನಲವತ್ತರಲ್ಲಿ ಒಂದು ಪಾಲೂ ಅದಲ್ಲ. ಹಳೆ ರೇಡಿಯೊದ ಬೆರಳ ತುದಿಯಷ್ಟಿರುವ ಆಡಿಯೊ ಟ್ರಾನ್ಸ್‌ಫಾರ್ಮರ್‌ಗೆ ಈ ಧಾರಾಳತನ ಇಲ್ಲ. ಅದರಲ್ಲಿ ಪಲ್ಸಿನ ತಲೆ ಮಧ್ಯದಲ್ಲೇ ಜರ್ರೆಂದು ಇಳಿದರೆ ಸ್ಯಾಚುರೇಶನ್ ಎಂದೇ ತಿಳಿಯಿರಿ.

ಮಾಸ್ಫೆಟ್ ಐಆರ್‌ಎಲ್‌ಝಡ್44ಎನ್ ತರಹದ ಲಾಜಿಕ್ ಮಟ್ಟದ್ದಾಗಲಿ. ಬ್ಯಾಟರಿ 6 ವೋಲ್ಟಿಗೆ ಇಳಿದಾಗಲೂ ಪೂರ್ತಿ ತೆರೆದುಕೊಳ್ಳಬೇಕು. ಗೇಟಿನಿಂದ ಗ್ರೌಂಡಿಗೆ 100 ಕಿಲೊಓಮ್ ಮರೆಯಬೇಡಿ, ಇಲ್ಲದಿದ್ದರೆ ಟೈಮರ್ ಐಸಿ ಸಾಕೆಟ್ಟಿನಿಂದ ತೆಗೆದಾಗ ಗೇಟ್ ಗಾಳಿಯಲ್ಲಿ ತೇಲುತ್ತದೆ. ಡ್ರೇನ್‌ನಿಂದ ಸೋರ್ಸ್‌ಗೆ 18 ವೋಲ್ಟಿನ 1 ವ್ಯಾಟ್ ಜೀನರ್ (ವೋಲ್ಟೇಜ್ ಅದಕ್ಕಿಂತ ಮೇಲೇರದಂತೆ ತಡೆಯುವ ಡಯೋಡ್) ಬೇಕು. ಮಾಸ್ಫೆಟ್ ಮುಚ್ಚಿದಾಗ ಕೋರಿನಲ್ಲಿ ಉಳಿದ ಶಕ್ತಿ ತಿರುಗಿ ಬೀಳುತ್ತದೆ. ಪ್ಯಾಡ್ ಅಂಟಿದ್ದರೆ ಅದು ಚರ್ಮದ ಮೂಲಕ ಸದ್ದಿಲ್ಲದೆ ಹೋಗುತ್ತದೆ, ಪ್ಯಾಡ್ ಕಿತ್ತು ಬಂದಿದ್ದರೆ ಹೋಗಲು ದಾರಿಯಿಲ್ಲದೆ ಔಟ್‌ಪುಟ್ಟಿನಲ್ಲಿ ನೂರಾರು ವೋಲ್ಟಿನ ಮೊನೆಯಾಗಿ ಎದ್ದು ನಿಲ್ಲುತ್ತದೆ. ಆಗ ಪ್ಯಾಡ್ ಮತ್ತೆ ತಾಗಿದರೆ ಚಟ್! 9 ವೋಲ್ಟ್ ಸಪ್ಲೈ ಇರುವಾಗ ಈ ಜೀನರ್ ಹಿಮ್ಮುಖ ಮೊನೆಯನ್ನು ಮುಮ್ಮುಖದಷ್ಟೇ ಎತ್ತರಕ್ಕೆ ಕಟ್ಟಿಹಾಕುತ್ತದೆ.

ಸ್ಕೋಪಿನಲ್ಲಿ ಕಾಣುವ ಆಕಾರವೂ ಇದರಿಂದಲೇ. ಮುಮ್ಮುಖವಾಗಿ 33 ಮಿಲಿಆ್ಯಂಪ್‌ನ ಕಿರಿದಾದ ಗೋಪುರ, ಅದರ ಹಿಂದೆ ಅರ್ಧ ಮಿಲಿಆ್ಯಂಪ್ ಆಸುಪಾಸಿನ ಉದ್ದನೆಯ, ಚಪ್ಪಟೆ ಹಿಮ್ಮುಖ ಬಾಲ. ಬಾಲ ಗೆರೆಗೆ ಅಂಟಿಕೊಂಡಂತಿದ್ದು, ಸ್ಕೋಪಿನ ಅಳತೆ ದೊಡ್ಡದಾಗಿಟ್ಟರೆ ಕಾಣುವುದೇ ಇಲ್ಲ. ಔಟ್‌ಪುಟ್ ಒಂದೇ ದಿಕ್ಕಿಗಿದೆ ಎಂದು ಗಾಬರಿಯಾಗಿ ಕೆಪಾಸಿಟರ್ ಸೇರಿಸಲು ಹೊರಡುವವರಿದ್ದಾರೆ. ಎರಡರ ಕೆಳಗಿನ ವಿಸ್ತೀರ್ಣ ಒಂದೇ, 6.6 ಮೈಕ್ರೊಕೂಲಂ ಹೋದದ್ದು ಅಷ್ಟೇ ವಾಪಸ್ ಬರುತ್ತದೆ. ಕೆಪಾಸಿಟರ್ ಕಡ್ಡಾಯವಾಗುವುದು ಟ್ರಾನ್ಸ್‌ಫಾರ್ಮರ್ ಇಲ್ಲದ ಎಚ್-ಬ್ರಿಡ್ಜ್‌ಗೆ: 1 ಮೈಕ್ರೊಫ್ಯಾರಡ್, ಫಿಲ್ಮ್, 250 ವೋಲ್ಟ್. ಅಲ್ಲಿ ಎರಡು ದಿಕ್ಕಿನ ಪಲ್ಸ್‌ಗಳಲ್ಲಿ ನೂರಕ್ಕೆ ಒಂದು ಪಾಲು ವ್ಯತ್ಯಾಸವಿದ್ದರೂ, ಸೆಕೆಂಡಿಗೆ 100 ಪಲ್ಸಿನಲ್ಲಿ 6.6 ಮೈಕ್ರೊಆ್ಯಂಪ್ ಡಿಸಿ ಬಿಡದೆ ಹರಿಯುತ್ತಿರುತ್ತದೆ.

ನಾಬ್ ಎಲ್ಲಿರಬೇಕು

ಬಹಳ ಚಿತ್ರಗಳಲ್ಲಿ ಪಾಟನ್ನು ಔಟ್‌ಪುಟ್ ತಂತಿಗೇ ಸಾಲಾಗಿ ಹಾಕಿರುತ್ತಾರೆ. ಇಂಗಾಲದ ಪಟ್ಟಿಯ ಮೇಲೆ ಧೂಳು ಕೂತು ವೈಪರ್ (ಪಟ್ಟಿಯ ಮೇಲೆ ಜಾರುವ ತುದಿ) ಒಂದು ಕ್ಷಣ ಎದ್ದು ಮತ್ತೆ ಕೂತರೆ, ಸೊನ್ನೆಯಾಗಿ ಮತ್ತೆ ಪೂರ್ತಿ ಬರುತ್ತದೆ. ಮೈಗೆ ಅದು ಒದ್ದ ಹಾಗೆ. ಪಾಟ್ ಇರಬೇಕಾದ ಜಾಗ ಟ್ರಾನ್ಸ್‌ಫಾರ್ಮರ್‌ನ ಈಚೆ ಕಡೆ: 10 ಕಿಲೊಓಮ್ ಪಾಟ್‌ನ ವೈಪರ್ ಒಂದು ಬಿಡಿ139 ಟ್ರಾನ್ಸಿಸ್ಟರ್‌ನ ಬೇಸಿಗೆ, ಎಮಿಟರ್‌ನಿಂದ 220 ಮೈಕ್ರೊಫ್ಯಾರಡ್ ಕೆಪಾಸಿಟರ್‌ಗೆ, ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ಗೆ. ಬೇಸಿನಿಂದ ಗ್ರೌಂಡಿಗೆ 100 ಕಿಲೊಓಮ್. ವೈಪರ್ ಕೈಕೊಟ್ಟರೆ ಔಟ್‌ಪುಟ್ ಸೊನ್ನೆಯ ಕಡೆಗೇ ಹೋಗುತ್ತದೆ. ಜೊತೆಗೆ 220 ಮೈಕ್ರೊಫ್ಯಾರಡ್‌ಗೆ ಅಡ್ಡಲಾಗಿ 2.2 ಕಿಲೊಓಮ್ ಹಾಕಲೇಬೇಕು. ಇಲ್ಲದಿದ್ದರೆ ನಾಬ್ ಇಳಿಸಿದರೂ ಕೆಪಾಸಿಟರ್‌ನಲ್ಲಿರುವುದು ಖಾಲಿಯಾಗುವವರೆಗೆ ಹೊಡೆತ ನಿಲ್ಲುವುದಿಲ್ಲ, ಬಳಸುವವರು ಗಾಬರಿಯಾಗಿ ನಾಬನ್ನು ಅತ್ತಿತ್ತ ತಿರುಗಿಸುತ್ತಾರೆ.

ಆನ್ ಮಾಡುವ ಸ್ವಿಚ್ ಪಾಟ್‌ನಲ್ಲೇ ಇರಲಿ, ಹಳೆ ರೇಡಿಯೊ ವಾಲ್ಯೂಮಿನ ಹಾಗೆ, ಸೊನ್ನೆ ದಾಟದೆ ಆನ್ ಆಗಬಾರದು. ಶಿಷ್ಟಾಚಾರಕ್ಕೆ ಹೇಳುತ್ತಿಲ್ಲ. 555 ಆನ್ ಆದಾಗ ಕೆಪಾಸಿಟರ್ ಸೊನ್ನೆಯಿಂದ ತುಂಬಬೇಕು, ಹಾಗಾಗಿ ಮೊದಲ ಪಲ್ಸ್ ಉಳಿದವುಗಳಿಗಿಂತ ಒಂದೂವರೆ ಪಟ್ಟು ಅಗಲ. ನಾಬ್ ಮೇಲಿದ್ದಾಗ ಆನ್ ಮಾಡಿದರೆ ಕೈ ಹಾರುವುದು ಇದಕ್ಕೇ.

ಅಳೆಯುವುದು

ನರ-ಸ್ನಾಯು ಸ್ಟಿಮ್ಯುಲೇಟರ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-2-10. ಅದರಲ್ಲಿ ಶಕ್ತಿ, ಕರೆಂಟಿನ ಅಳತೆ 500 ಓಮ್ ಲೋಡಿನ ಮೇಲೆ. ಒಂದು ಪಲ್ಸಿನ ಶಕ್ತಿ 300 ಮಿಲಿಜೂಲ್ ಮೀರಬಾರದು, ತೆರೆದ ಔಟ್‌ಪುಟ್ 500 ವೋಲ್ಟ್ ಮೀರಬಾರದು, 400 ಹರ್ಟ್ಸ್‌ವರೆಗೆ ಕರೆಂಟ್ ಆರ್‌ಎಂಎಸ್ (ವಿರಾಮವನ್ನೂ ಸೇರಿಸಿದ, ಬಿಸಿ ಮಾಡುವ ಶಕ್ತಿಯ ಸರಾಸರಿ) ಲೆಕ್ಕದಲ್ಲಿ 50 ಮಿಲಿಆ್ಯಂಪ್ ಮೀರಬಾರದು. ಇವು ಪರೀಕ್ಷೆಯಾದ ಯಂತ್ರಗಳಿಗೂ ದಾಟಬಾರದ ಗೋಡೆಗಳು, ಮುಟ್ಟಬೇಕಾದ ಗುರಿಗಳಲ್ಲ. ನಮ್ಮ ಪೆಟ್ಟಿಗೆಯ ಪಲ್ಸ್ 0.11 ಮಿಲಿಜೂಲ್, ಸೆಕೆಂಡಿಗೆ 100 ಪಲ್ಸ್ ಇದ್ದಾಗ ಆರ್‌ಎಂಎಸ್ ಸುಮಾರು 4.7 ಮಿಲಿಆ್ಯಂಪ್. ಇದಕ್ಕಿಂತ ಮೇಲೆ ಹೋಗಲು ಕಾರಣವೇ ಇಲ್ಲ.

ಮಲ್ಟಿಮೀಟರನ್ನು ಎಸಿಗೆ ಇಟ್ಟು ಔಟ್‌ಪುಟ್ ನೋಡಿದರೆ ಸಿಗುವ ಸಂಖ್ಯೆಗೆ ಅರ್ಥವಿಲ್ಲ. ಶೇಕಡಾ ಎರಡು ಹೊತ್ತು ಮಾತ್ರ ಇರುವ ಪಲ್ಸ್ ಅದಕ್ಕೆ ಕಾಣುವುದಿಲ್ಲ. ಸ್ಕೋಪ್ ಇಲ್ಲದವರು ಒಂದು ಯುಎಫ್4007 ಡಯೋಡ್, ಅದರ ಹಿಂದೆ 100 ನ್ಯಾನೊಫ್ಯಾರಡ್ 250 ವೋಲ್ಟ್ ಫಿಲ್ಮ್ ಕೆಪಾಸಿಟರ್ ಹಾಕಿ, ಕೆಪಾಸಿಟರ್‌ನ ಮೇಲೆ ಡಿಸಿ ಓದಿದರೆ ಪಲ್ಸಿನ ತುದಿ ಸಿಗುತ್ತದೆ, ಅರ್ಧ ವೋಲ್ಟ್ ಕಡಿಮೆ. ಇದರಿಂದ ಎರಡು ಅಳತೆ ತೆಗೆಯಿರಿ: ಲೋಡ್ ಇಲ್ಲದೆ ಒಮ್ಮೆ, 500 ಓಮ್ ಹಾಕಿ ಇನ್ನೊಮ್ಮೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆದು, 500ರಿಂದ ಗುಣಿಸಿದರೆ ಪೆಟ್ಟಿಗೆಯ ಒಳ ಪ್ರತಿರೋಧ. 90 ಮತ್ತು 16.7 ಬಂದರೆ 2200 ಓಮ್. ಇದರ ಬಹುಪಾಲು ಟ್ರಾನ್ಸ್‌ಫಾರ್ಮರ್ ಸುತ್ತುಗಳಲ್ಲೇ ಅಡಗಿರುತ್ತದೆ. ಈಚೆ ಸುತ್ತಿನ 10 ಓಮ್, ಆಚೆ ಕಡೆಯಿಂದ ನೋಡಿದರೆ ಅನುಪಾತದ ವರ್ಗದಷ್ಟು ಹಿಗ್ಗಿ 1000 ಓಮ್ ಆಗುತ್ತದೆ. ಒಟ್ಟು 2200 ಮುಟ್ಟದಿದ್ದರೆ ಉಳಿದಷ್ಟನ್ನು ಔಟ್‌ಪುಟ್ಟಿಗೆ ಸಾಲಾಗಿ ರೆಸಿಸ್ಟರ್ ಹಾಕಿ ತುಂಬಿಸಿ. ಕೊನೆಯಲ್ಲಿ 500 ಓಮ್ ಮೇಲೆ ಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು ನೋಡಿ. ಸೊನ್ನೆಯ ಹತ್ತಿರವೇ ಇರಬೇಕು. ಐದು ಮಿಲಿವೋಲ್ಟ್ ಅಂದರೆ ಹತ್ತು ಮೈಕ್ರೊಆ್ಯಂಪ್.

ಸ್ಕೋಪ್ ಇದ್ದವರಿಗೆ ಒಂದೇ ಮಾತು: ಅದರ ಗ್ರೌಂಡ್ ಕ್ಲಿಪ್ ಗೋಡೆಯ ಅರ್ಥಿಂಗಿಗೆ ಸೇರಿದೆ. ಮೈಯಲ್ಲಿ ಪ್ಯಾಡ್ ಇರುವಾಗ ಸ್ಕೋಪ್ ಸಿಕ್ಕಿಸಿದ ಕೂಡಲೇ ಬ್ಯಾಟರಿ ಪೆಟ್ಟಿಗೆ ಕೊಟ್ಟಿದ್ದ ಪ್ರತ್ಯೇಕತೆ ಹೋಯಿತು. ಚಾರ್ಜರ್‌ಗೆ ಹಾಕಿದ ಲ್ಯಾಪ್‌ಟಾಪಿನ ಸೌಂಡ್ ಕಾರ್ಡನ್ನು ಸ್ಕೋಪ್ ಮಾಡಿಕೊಂಡರೂ ಇದೇ ಕಥೆ. ಅಳತೆ ಯಾವಾಗಲೂ ರೆಸಿಸ್ಟರ್ ಮೇಲೆ.

ಪ್ಯಾಡಿನ ಅಂಚು

ರೆಸಿಸ್ಟರ್ ಬದಲು ಚರ್ಮಕ್ಕೆ ಹತ್ತಿರವಾದ ಡಮ್ಮಿ ಬೇಕಿದ್ದರೆ, 470 ಓಮ್‌ಗೆ ಸಾಲಾಗಿ 10 ಕಿಲೊಓಮ್ ಮತ್ತು 0.47 ಮೈಕ್ರೊಫ್ಯಾರಡ್ ಜೋಡಿಯನ್ನು ಅಡ್ಡಲಾಗಿ ಕಟ್ಟಿ. ಚರ್ಮದ ಮೇಲ್ಪದರ ಒಣ ತೊಗಲಿನ ತೆಳು ಹಾಳೆ. ಪಲ್ಸಿನ ಪಾಲಿಗೆ ಅದು ಕೆಪಾಸಿಟರ್. ಈ ಡಮ್ಮಿಯ ಮೇಲೆ ನೋಡಿದರೆ ಚೌಕ ಪಲ್ಸಿನ ಕರೆಂಟ್ ಮೊದಲು 33ಕ್ಕೆ ಹಾರಿ, ಮುಗಿಯುವಷ್ಟರಲ್ಲಿ 28ಕ್ಕೆ ಬಾಗಿರುತ್ತದೆ. ಇದು ಸರಿಯಾದ ನಡತೆ.

ಈಗ ಮೊದಲಿನ ಚುರುಕಿಗೆ ಬರೋಣ. 5 ಸೆಂಟಿಮೀಟರ್ ಚೌಕದ ಅಂಟು ಪ್ಯಾಡ್, 25 ಚದರ ಸೆಂಟಿಮೀಟರ್. ಹೊಸತರಲ್ಲಿ ಜೆಲ್ ಒದ್ದೆಯಾಗಿ ಹೊಳೆಯುತ್ತದೆ, ಬೆರಳಿಟ್ಟು ಎತ್ತಿದರೆ ಚರ್ಮವನ್ನೂ ಸ್ವಲ್ಪ ಎಳೆದು ಬಿಡುತ್ತದೆ. ಹತ್ತಾರು ಸಲ ಬಳಸಿದ್ದನ್ನು ಬೆಳಕಿಗೆ ಹಿಡಿದು ನೋಡಿ: ಮಧ್ಯದಲ್ಲಿ ಚರ್ಮದ ಹೊಟ್ಟು, ಕೂದಲು ಅಂಟಿ ಬೂದು ಬಣ್ಣಕ್ಕೆ ತಿರುಗಿದೆ, ಅಂಚು ಒಣಗಿ ಹಪ್ಪಳದ ಹಾಗೆ ಮೇಲಕ್ಕೆ ಸುರುಳಿಯಾಗಿದೆ. ಮುಂಗೈ ತಿರುಗಿಸಿದಾಗೆಲ್ಲ ಒಂದು ಮೂಲೆ ಮೇಲೇಳುತ್ತದೆ. ಅರ್ಧ ಪ್ಯಾಡ್ ಎದ್ದರೆ ಲೋಡ್ 500ರಿಂದ 1000 ಓಮ್‌ಗೆ ಏರಿತು ಅಂದುಕೊಳ್ಳಿ. ನಮ್ಮ ಪೆಟ್ಟಿಗೆಯ ಕರೆಂಟ್ 33ರಿಂದ 28ಕ್ಕೆ ಮಾತ್ರ ಇಳಿಯುತ್ತದೆ, ಜಾಗ ಅರ್ಧವಾಗಿದೆ, ಅಂದರೆ ಉಳಿದ ಚರ್ಮದ ಪ್ರತಿ ಚದರ ಸೆಂಟಿಮೀಟರ್‌ಗೆ ಹೊರೆ 1.7 ಪಟ್ಟು. ಸ್ಥಿರ ಕರೆಂಟ್ ಪೆಟ್ಟಿಗೆಯಾದರೆ ಪೂರ್ತಿ ಎರಡು ಪಟ್ಟು. ಐಇಸಿ ಮಾನದಂಡ ವಿಶೇಷ ಎಚ್ಚರಿಕೆ ಕೇಳುವ ಮಟ್ಟ ಪ್ರತಿ ಚದರ ಸೆಂಟಿಮೀಟರ್‌ಗೆ 2 ಮಿಲಿಆ್ಯಂಪ್ ಆರ್‌ಎಂಎಸ್. ಪೂರ್ತಿ ಅಂಟಿದಾಗ ನಮ್ಮದು 0.19, ಅದೇ ಕರೆಂಟ್ ಎರಡು ಚದರ ಸೆಂಟಿಮೀಟರ್‌ನ ಮೂಲೆಯಲ್ಲಿ ಹಾದರೆ 2.3.

ಸ್ಥಿರ ಕರೆಂಟೇ ಶ್ರೇಷ್ಠ ಎಂಬ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೆ. ಕಾರ್ಖಾನೆಯಿಂದ ಬರುವ ಯಂತ್ರಗಳಲ್ಲಿ ಪ್ಯಾಡ್ ಎದ್ದದ್ದನ್ನು ಗುರುತಿಸಿ ನಿಲ್ಲಿಸುವ ವ್ಯವಸ್ಥೆ ಜೊತೆಗಿರಬಹುದು. ಅದಿಲ್ಲದೆ ಬರೀ ಕರೆಂಟನ್ನು ಸ್ಥಿರವಾಗಿಟ್ಟರೆ, ಪ್ಯಾಡ್ ಕೆಟ್ಟಷ್ಟೂ ಪೆಟ್ಟಿಗೆ ಹಟ ಹಿಡಿದು ವೋಲ್ಟೇಜ್ ಏರಿಸುತ್ತದೆ. ಒಳ ಪ್ರತಿರೋಧವೇ ಇಲ್ಲದ ಪೆಟ್ಟಿಗೆಯೂ ಬೇಡ, ಬೆವರು ಬಂದ ಕೂಡಲೇ ಅದು ಏಕಾಏಕಿ ಜೋರಾಗುತ್ತದೆ. ಎರಡು ಕಿಲೊಓಮ್ ಆಸುಪಾಸಿನ ಒಳ ಪ್ರತಿರೋಧ, ತೊಂಬತ್ತು ವೋಲ್ಟಿನ ಮಿತಿ, ಇವೆರಡರ ನಡುವಿನ ರಾಜಿ. ಚುರ್ ಅಂದಾಗ ನಾಬ್ ಇಳಿಸಿ ಮುಂದುವರಿಸುವುದಲ್ಲ, ನಿಲ್ಲಿಸಿ ಪ್ಯಾಡ್ ನೋಡುವುದು. ಜೆಲ್‌ಗೆ ಒಂದು ಹನಿ ನೀರು ಸವರಿ ಕೆಲ ನಿಮಿಷ ಬಿಟ್ಟರೆ ಕೆಲವು ಚೇತರಿಸಿಕೊಳ್ಳುತ್ತವೆ. ಬೂದು ಬಣ್ಣಕ್ಕೆ ತಿರುಗಿದ್ದರೆ ಬಿಸಾಡಿ. ಚರ್ಮವನ್ನೂ ಸೋಪಿನಲ್ಲಿ ತೊಳೆದು ಒರೆಸಿ; ಎಣ್ಣೆ, ಕ್ರೀಮ್ ಇದ್ದ ಕಡೆ ಯಾವ ಪ್ಯಾಡೂ ಕೂರುವುದಿಲ್ಲ.

ದೋಷ ಹುಡುಕುವಾಗ

ರೆಸಿಸ್ಟರ್ ಮೇಲೆ ಪಲ್ಸ್ ಇದೆ, ಮೈಗೆ ಏನೂ ಗೊತ್ತಾಗುವುದಿಲ್ಲ ಎಂದಾದರೆ ಮೊದಲು ತಂತಿ. ಪ್ಯಾಡಿನ ಪಿನ್ನಿನ ಬುಡದಲ್ಲಿ, ಪ್ಲಾಸ್ಟಿಕ್ಕಿನೊಳಗೆ ಎಳೆಗಳು ತುಂಡಾಗಿರುತ್ತವೆ, ಹೊರಗೆ ಕಾಣುವುದಿಲ್ಲ. ಮೀಟರನ್ನು ಬೀಪ್‌ಗೆ ಇಟ್ಟು ತಂತಿಯನ್ನು ಬುಡದಲ್ಲಿ ಬಾಗಿಸುತ್ತ ನೋಡಿ. ಸುಮ್ಮನಿರುವಾಗ ಬೀಪ್ ಬಂದು ಬಾಗಿಸಿದಾಗ ತಡವರಿಸಿದರೆ, ಆಗಾಗ ಬೀಳುವ ಆ ಒದೆತಕ್ಕೂ ಅದೇ ಕಾರಣ. ಒದೆತದ ಇನ್ನೊಂದು ಮೂಲ ಬ್ರೆಡ್‌ಬೋರ್ಡ್. ಬ್ರೆಡ್‌ಬೋರ್ಡಿನಲ್ಲಿರುವ ಸರ್ಕ್ಯೂಟನ್ನು ಮೈಗೆ ಹಚ್ಚಬಾರದು; ಬೆಸುಗೆ ಹಾಕಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮೇಜಿಗೆ ಕುಟ್ಟುತ್ತ ಸ್ಕೋಪಿನಲ್ಲಿ ಪಲ್ಸ್ ತಪ್ಪದಿರುವುದನ್ನು ನೋಡಿದ ಮೇಲೆ ಮುಂದಿನ ಮಾತು.

ಹತ್ತು ನಿಮಿಷದಲ್ಲಿ ಹೊಡೆತ ಕಡಿಮೆಯಾದಂತೆ ಅನ್ನಿಸುವುದು ಸಾಮಾನ್ಯವಾಗಿ ನರ ಒಗ್ಗಿಕೊಂಡದ್ದು, ಸರ್ಕ್ಯೂಟ್ ಅಲ್ಲ. ಅನುಮಾನವಿದ್ದರೆ ಬ್ಯಾಟರಿಯನ್ನು ಪೆಟ್ಟಿಗೆ ನಡೆಯುತ್ತಿರುವಾಗಲೇ ಅಳೆಯಿರಿ. ಚೌಕದ 9 ವೋಲ್ಟ್ ಬ್ಯಾಟರಿ ಹಳತಾದಾಗ ಒಳ ಪ್ರತಿರೋಧ ಹತ್ತಾರು ಓಮ್‌ಗೆ ಏರುತ್ತದೆ. ಲೋಡ್ ಇಲ್ಲದೆ ಅಳೆದರೆ ಚೆನ್ನಾಗಿಯೇ ಕಾಣುತ್ತದೆ. ಪಲ್ಸ್ ಹೊತ್ತಿನಲ್ಲಿ ಈಚೆ ಸುತ್ತು 0.33 ಆ್ಯಂಪ್ ಕೇಳುತ್ತದೆ, ಅದನ್ನು ಕೊಡುವುದು 220 ಮೈಕ್ರೊಫ್ಯಾರಡ್ ಕೆಪಾಸಿಟರ್. ಅದು ಒಣಗಿದ್ದರೆ ಪಲ್ಸಿನ ತಲೆ ಓರೆಯಾಗುತ್ತದೆ. ಆರು ಎಎ ಸೆಲ್‌ಗಳು ಚೌಕದ ಬ್ಯಾಟರಿಗಿಂತ ಎಲ್ಲ ರೀತಿಯಲ್ಲೂ ವಾಸಿ. ಮತ್ತೆ ಚಾರ್ಜ್ ಮಾಡುವ ಸೆಲ್ ಹಾಕಿದರೆ, ಚಾರ್ಜ್ ಮಾಡಲು ಅವನ್ನು ಹೊರತೆಗೆಯಲೇಬೇಕಾದ ಹಾಗೆ ಕಟ್ಟಿ. ಪೆಟ್ಟಿಗೆಗೆ ಯುಎಸ್‌ಬಿ ಕಿಂಡಿ ಇಟ್ಟರೆ ಎಂದಾದರೊಂದು ದಿನ ಯಾರೋ ಪ್ಯಾಡ್ ಅಂಟಿಸಿಕೊಂಡೇ ಚಾರ್ಜರ್ ಸಿಕ್ಕಿಸುತ್ತಾರೆ.

ಎರಡು ಚಾನಲ್ ಬೇಕೆಂದರೆ ಎರಡು ಟ್ರಾನ್ಸ್‌ಫಾರ್ಮರ್. ಔಟ್‌ಪುಟ್ ಕಡೆ ಗ್ರೌಂಡ್ ಹಂಚಿಕೊಂಡರೆ ಒಂದು ಕಾಲಿನ ಪ್ಯಾಡಿನಿಂದ ಇನ್ನೊಂದು ಕಾಲಿನ ಪ್ಯಾಡಿಗೆ ನೀವು ಯೋಚಿಸಿರದ ದಾರಿಯಲ್ಲಿ ಕರೆಂಟ್ ಹೋಗುತ್ತದೆ.

ಮೈಕ್ರೊಕಂಟ್ರೋಲರ್, ಆಡಿಯೊ ಆಂಪ್ಲಿಫೈಯರ್

ಟೈಮರ್ ಬದಲು ಮೈಕ್ರೊಕಂಟ್ರೋಲರ್ ಹಾಕುವವರು ಪ್ರೊಗ್ರಾಮ್ ಸಿಕ್ಕಿಬೀಳುವ ದಿನಕ್ಕೆ ತಯಾರಿರಬೇಕು. ಸಿಕ್ಕಿಬಿದ್ದ ಪ್ರೊಗ್ರಾಮನ್ನು ಮತ್ತೆ ಶುರು ಮಾಡುವ ವಾಚ್‌ಡಾಗ್ ಇದೆ ಎಂಬ ಧೈರ್ಯ ಸಾಲದು. ಪಿನ್ನಿನಿಂದ ಗೇಟಿಗೆ ನೇರ ತಂತಿ ಎಳೆಯದೆ ನಡುವೆ 100 ನ್ಯಾನೊಫ್ಯಾರಡ್ ಇಟ್ಟು, ಗೇಟಿನಿಂದ ಗ್ರೌಂಡಿಗೆ 100 ಕಿಲೊಓಮ್ ಬದಲು 10 ಕಿಲೊಓಮ್ ಹಾಕಿ. 200 ಮೈಕ್ರೊಸೆಕೆಂಡಿನ ಪಲ್ಸ್ ಹೆಚ್ಚುಕಮ್ಮಿ ಹಾಗೇ ದಾಟುತ್ತದೆ. ಪಿನ್ ಮೇಲೆಯೇ ನಿಂತುಬಿಟ್ಟರೆ ಒಂದೆರಡು ಮಿಲಿಸೆಕೆಂಡಿನಲ್ಲಿ ಗೇಟ್ ತಾನಾಗಿ ಮುಚ್ಚುತ್ತದೆ.

ಆಂಪ್ಲಿಫೈಯರ್‌ಗೆ ಟ್ರಾನ್ಸ್‌ಫಾರ್ಮರ್ ಕಟ್ಟಿ ಕಂಪ್ಯೂಟರಿನಿಂದ ಅಲೆ ಕಳಿಸುವ ದಾರಿ ನೋಡಲು ಸೊಗಸು, ಯಾವ ಆಕಾರ ಬೇಕಾದರೂ ಬರುತ್ತದೆ. ಆದರೆ ನಿರಂತರ ಸೈನ್ ಅಲೆಯಲ್ಲಿ ವಿರಾಮವೇ ಇಲ್ಲದ್ದರಿಂದ ಅದೇ ಎತ್ತರಕ್ಕೆ ಆರ್‌ಎಂಎಸ್ ಹಲವು ಪಟ್ಟು. ಆನ್ ಮಾಡಿದಾಗ ಸ್ಪೀಕರ್‌ನಲ್ಲಿ ಕೇಳುವ ಆ ಧಡ್ ಇಲ್ಲಿ ಸ್ನಾಯುವಿಗೆ ಬೀಳುತ್ತದೆ. ಮಧ್ಯೆ ಒಂದು ಮೇಲ್ ಬಂದು ಕಂಪ್ಯೂಟರ್ ಟಿಂಗ್ ಅಂದರೆ, ಆ ಟಿಂಗ್ ಪೂರ್ತಿ ವಾಲ್ಯೂಮಿನಲ್ಲಿ ಕಾಲಿಗೆ. ಕ್ಲಾಸ್-ಡಿ ಎಂಬ ಜಾತಿಯ ಅನೇಕ ಆಂಪ್ಲಿಫೈಯರ್ ಬೋರ್ಡುಗಳಲ್ಲಿ ಔಟ್‌ಪುಟ್‌ನ ಎರಡೂ ತುದಿ ಜೀವಂತ, ಯಾವುದೂ ಗ್ರೌಂಡ್ ಅಲ್ಲ. ಎರಡು ಚಾನಲ್‌ನ ಮೈನಸ್ ಎಂದು ಬರೆದದ್ದನ್ನು ಒಟ್ಟಿಗೆ ತಿರುಚಿದರೆ ಬೋರ್ಡ್ ಹೋಯಿತು. ಗೋಡೆಗೆ ಸಿಕ್ಕಿಸುವ ಆಂಪ್ಲಿಫೈಯರ್ ಅಥವಾ ಕಂಪ್ಯೂಟರ್ ಈ ಸರಪಳಿಯಲ್ಲಿ ಎಲ್ಲೇ ಇದ್ದರೂ ನಾನು ಪ್ಯಾಡ್ ಅಂಟಿಸುವುದಿಲ್ಲ.

ಔಟ್‌ಪುಟ್ ಕನೆಕ್ಟರ್‌ಗೆ ಕೈಗೆ ಸಿಕ್ಕಿದ 4 ಮಿಲಿಮೀಟರ್ ಬನಾನಾ ಪ್ಲಗ್ ಹಾಕುವುದು ಸುಲಭ. ಬೆತ್ತಲೆ ಪಿನ್ನಿನ ಆ ಪ್ಲಗ್ ಗೋಡೆಯ ಕೆಲವು ಸಾಕೆಟ್‌ಗಳ ತೂತಿಗೂ ಇಳಿಯುತ್ತದೆ, ಇನ್ನೊಂದು ತುದಿ ಮೈಗೆ ಅಂಟಿರುವಾಗಲೂ. ಪ್ಯಾಡಿನ ಕಡೆ 2 ಮಿಲಿಮೀಟರ್ ಪಿನ್ ಇರಲಿ, ಪೆಟ್ಟಿಗೆಯ ಕಡೆ ಲೋಹ ಹೊರಗೆ ಕಾಣದ, ಪ್ಲಾಸ್ಟಿಕ್ ಕವಚದೊಳಗೆ ಹುದುಗಿದ ಪ್ಲಗ್ ಇರಲಿ. ಎಳೆದರೆ ಒಂದೇ ಕೈಯಲ್ಲಿ ಕಿತ್ತು ಬರುವಷ್ಟು ಸಡಿಲವಾಗಿರಲಿ.